ಓಟ ಶುರು ಮಾಡಿದ್ದೀರಿ, ಓಡದ ದಿನ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಬೆಳಿಗ್ಗೆ ಮೈದಾನಕ್ಕೆ ಹೊಸದಾಗಿ ಓಡಲು ಬರುವವರ ಜೊತೆ ನಾನೂ ಓಡುತ್ತೇನೆ. ಹೇಗೆ ಓಡಬೇಕು ಅಂತ ಕೇಳುವವರು ಕಡಿಮೆ. ಓಡದ ದಿನ ಏನು ಮಾಡಲಿ ಅಂತ ಕೇಳುವವರೇ ಜಾಸ್ತಿ. ನನಗೆ ಅದು ಖುಷಿ ಕೊಡುವ ಪ್ರಶ್ನೆ. ನಾನು ಕಂಡಂತೆ, ಮೊದಲ ಎರಡು ಮೂರು ತಿಂಗಳಲ್ಲಿ ಓಟ ಬಿಟ್ಟವರು ಸೋಮಾರಿತನಕ್ಕೆ ಬಿಟ್ಟಿಲ್ಲ. ಕಾಲು ನೋವಿಗೆ ಬಿಟ್ಟಿದ್ದಾರೆ.

ಬಯಲುಸೀಮೆಯವರಿಗೆ ಹೇಳುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಹಾಲು ತರಲು ಹೋದರೂ ಒಂದು ಏರು ಹತ್ತಬೇಕು. ಮನೆ ಪಕ್ಕದಲ್ಲೇ ತೋಟ, ಅಲ್ಲಿ ಮುಗಿಯದ ಕೆಲಸ. ಓಡಲಿಲ್ಲ ಅಂದ ಮಾತ್ರಕ್ಕೆ ಕಾಲಿಗೆ ವಿಶ್ರಾಂತಿ ಸಿಕ್ಕಿತು ಅನ್ನುವ ಹಾಗಿಲ್ಲ. ಅದಕ್ಕೇ ನಮ್ಮ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋಗಲೇಬೇಕಾದ ಕಡೆ ಹಾಗಂತಲೇ ಹೇಳಿದ್ದೇನೆ.

ದಿನಾ ಓಡಿದರೆ ಬೇಗ ಅಭ್ಯಾಸ ಆಗುತ್ತೆ ಅಲ್ವಾ? ರೆಸ್ಟ್ ಯಾಕೆ?

ಓಡುವ ಹೊತ್ತಿನಲ್ಲಿ ಕಾಲು ಗಟ್ಟಿಯಾಗುವುದಿಲ್ಲ, ದಣಿಯುತ್ತದೆ. ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತದೆ. ಅಲ್ಲಿ ಕೂಡಿಟ್ಟಿದ್ದ ಸಕ್ಕರೆ, ಅಂದರೆ ಗ್ಲೈಕೋಜನ್, ಖರ್ಚಾಗುತ್ತದೆ. ಮನೆಗೆ ಬಂದು, ಉಂಡು, ಮಲಗಿದ ಮೇಲೆ ದೇಹ ರಿಪೇರಿಗೆ ಕೂರುತ್ತದೆ. ಸರಿಯಾಗಿ ಊಟ ಮಾಡಿದರೆ ಖರ್ಚಾದ ಸಕ್ಕರೆ ಸುಮಾರು ಒಂದು ದಿನದಲ್ಲಿ ಮತ್ತೆ ತುಂಬುತ್ತದೆ. ಎಳೆಗಳ ರಿಪೇರಿಗೆ ಎರಡು ಮೂರು ದಿನವೂ ಬೇಕಾಗಬಹುದು. ಹೊಸಬರಿಗೆ ಇನ್ನೂ ನಿಧಾನ. ರಿಪೇರಿ ಆದ ಜಾಗ ಮೊದಲಿಗಿಂತ ಸ್ವಲ್ಪ ಬಲವಾಗುತ್ತದೆ. ನಾವು ಅಭ್ಯಾಸ ಆಯಿತು ಅನ್ನುವುದು ಇದಕ್ಕೇ. ಆ ಕೆಲಸ ನಡೆಯುವುದು ಓಡದ ದಿನ.

ಹಾಗಾದರೆ ವಾರಕ್ಕೆ ಎಷ್ಟು ದಿನ ಓಡಬೇಕು?

ಮೂರು ದಿನ ಸಾಕು. ಎರಡು ಓಟದ ನಡುವೆ ಕಡಿಮೆ ಎಂದರೂ ಒಂದು ದಿನ ಬಿಡುವು ಇರಲಿ. ಮಂಗಳವಾರ, ಗುರುವಾರ, ಭಾನುವಾರ ಅಂತ ಇಟ್ಟುಕೊಂಡವರು ನಮ್ಮಲ್ಲಿ ಜಾಸ್ತಿ. ನಿಮ್ಮ ಕೆಲಸಕ್ಕೆ ಹೊಂದುವ ದಿನ ಆರಿಸಿಕೊಳ್ಳಿ.

ಕೌಚ್ ಟು 5ಕೆ, ಅಂದರೆ ಸುಮ್ನೆ ಕೂತಿದ್ದವರನ್ನು ಐದು ಕಿಲೋಮೀಟರ್ ಓಟಕ್ಕೆ ತಯಾರು ಮಾಡುವ ಕ್ರಮ, ಅದರ ಹೆಸರು ನೀವು ಕೇಳಿರಬಹುದು. ಜಾಶ್ ಕ್ಲಾರ್ಕ್ ಎಂಬುವರು 1996ರಲ್ಲಿ ರೂಪಿಸಿದ್ದು. ಒಂಬತ್ತು ವಾರದ ಕಾರ್ಯಕ್ರಮ, ಅದರಲ್ಲೂ ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 20 ನಿಮಿಷ, 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಇಷ್ಟೇ. ಇದನ್ನು ನೋಡಿ "ಇದೇನು ಇಷ್ಟು ಕಡಿಮೆ" ಅಂತ ಎಲ್ಲರೂ ಅನ್ನುತ್ತಾರೆ. ಕಡಿಮೆ ಇರುವುದರಿಂದಲೇ ಅದು ಇಷ್ಟು ವರ್ಷ ಉಳಿದಿದೆ ಅಂತ ನನ್ನ ನಂಬಿಕೆ.

ಮೂರನೇ ವಾರ ನಡೀತಿದೆ. ಈಗ ದಮ್ಮು ಕಟ್ಟುತ್ತಿಲ್ಲ, ಮೈ ಹಗುರ ಅನ್ನಿಸ್ತಿದೆ. ಇನ್ನಾದರೂ ದಿನಾ ಓಡಬಹುದಾ?

ಬೇಡ. ದಯವಿಟ್ಟು ಬೇಡ. ಅತಿ ಹೆಚ್ಚು ಜನ ಎಡವುವುದು ಇದೇ ಜಾಗದಲ್ಲಿ.

ಹೃದಯ, ಉಸಿರು, ರಕ್ತ ಬೇಗ ಹೊಂದಿಕೊಳ್ಳುತ್ತವೆ. ಕೆಲವೇ ವಾರಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಸ್ನಾಯು ಸ್ವಲ್ಪ ತಡ. ಮೂಳೆ, ಮತ್ತೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಟೆಂಡನ್ ತುಂಬಾ ತಡ, ತಿಂಗಳುಗಟ್ಟಲೆ. ಉಸಿರು "ಹೋಗು" ಅನ್ನುತ್ತದೆ, ಕಾಲಿನ ಮೂಳೆ ಇನ್ನೂ ತಯಾರಾಗಿರುವುದಿಲ್ಲ.

ಮೂಳೆಯದ್ದು ಇನ್ನೊಂದು ವಿಷಯವಿದೆ. ಮಳೆಗಾಲಕ್ಕೆ ಮುಂಚೆ ನಾವು ಹೆಂಚು ಬದಲಿಸುತ್ತೇವಲ್ಲ, ಆಗ ಮೊದಲು ಹಳೆಯ ಹೆಂಚು ತೆಗೆಯುತ್ತೇವೆ. ಹೊಸದು ಕೂರಿಸುವ ತನಕ ಆ ಜಾಗ ಬರಿದು. ಅಷ್ಟರಲ್ಲಿ ಜೋರು ಮಳೆ ಬಂದರೆ ಮನೆಯೊಳಗೆ ನೀರು. ಮೂಳೆಯೂ ಹೊಸ ಭಾರ ಬಿದ್ದಾಗ ಹೀಗೇ ಮಾಡುತ್ತದೆ. ಮೊದಲು ಹಳೆಯ ಅಂಶವನ್ನು ಕರಗಿಸುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು. ನಡುವೆ ಕೆಲವು ವಾರ ಆ ಜಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಆ ಹೊತ್ತಿನಲ್ಲಿ ದಿನಾ ಓಡಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳಬಹುದು. ಸ್ಟ್ರೆಸ್ ಫ್ರ್ಯಾಕ್ಚರ್ ಅಂದರೆ ಅದೇ.

ನನಗೆ ಆದದ್ದು ಹೇಳುತ್ತೇನೆ. ನಾನು ಓಡಲು ಶುರು ಮಾಡಿದಾಗ ನನಗೆ 41 ವರ್ಷ. ಮೂರನೇ ವಾರ ಮೈ ಹಗುರಾಯಿತು ಅಂತ ಒಂಬತ್ತು ದಿನ ಬಿಡದೆ ಓಡಿದೆ. ಹತ್ತನೇ ದಿನ ಮೆಟ್ಟಿಲು ಇಳಿಯುವಾಗ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮುಂದಿರುವ ಮೂಳೆಯ ಒಳಬದಿಯಲ್ಲಿ, ಚುಳ್ ಅಂತು. ಪುಣ್ಯಕ್ಕೆ ಮೂಳೆ ಬಿರಿದಿರಲಿಲ್ಲ. ಆದರೂ ಆರು ವಾರ ಓಟ ನಿಂತಿತು. ಆ ಆರು ವಾರ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಇಂದು ಯಾರಾದರೂ "ರೆಸ್ಟ್ ಬಿಡ್ತೀನಿ" ಅಂದರೆ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನುವುದು ಅದಕ್ಕೇ.

ರೆಸ್ಟ್ ಅಂದರೆ ಸುಮ್ನೆ ಕೂತಿರಬೇಕಾ?

ವಾರದಲ್ಲಿ ಒಂದು ದಿನ ಪೂರ್ತಿ ಸುಮ್ನೆ ಇರಿ. ಉಳಿದ ಬಿಡುವಿನ ದಿನ ಮೆಲ್ಲಗೆ ಮೈ ಆಡಿಸುವುದು ಒಳ್ಳೆಯದು. 20ರಿಂದ 40 ನಿಮಿಷ ನಡೆದರೆ ಕಾಲಿಗೆ ರಕ್ತ ಓಡಾಡುತ್ತದೆ, ಬಿಗಿತ ಸಡಿಲವಾಗುತ್ತದೆ. ಅಳತೆ ಸುಲಭ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ಅದು ರೆಸ್ಟ್ ಅಲ್ಲ.

ನಮ್ಮ ಮನೆ ಸುತ್ತ ಬರೀ ಏರು-ಇಳಿಜಾರು. ಮೆಲ್ಲಗೆ ನಡೆಯೋಕೆ ಜಾಗ ಎಲ್ಲಿ?

ಕೊಡಗಿನಲ್ಲಿ ಇದು ನಿಜವಾದ ಕಷ್ಟ. ಮಡಿಕೇರಿ ಇರುವುದೇ ಸುಮಾರು 1,150 ಮೀಟರ್ ಎತ್ತರದಲ್ಲಿ, ಅದೂ ಗುಡ್ಡದ ಬೆನ್ನ ಮೇಲೆ. ಬಸ್ ಸ್ಟ್ಯಾಂಡ್‌ನಿಂದ ರಾಜಾಸೀಟ್ ಕಡೆ ನಡೆದರೂ ಮೀನಖಂಡ ಎಳೆಯುತ್ತದೆ. ಹೀಗಾಗಿ ಬಿಡುವಿನ ದಿನ ರಸ್ತೆ ಬಿಟ್ಟು ಮೈದಾನ ಹುಡುಕಿ. ಶಾಲೆಯ ಆಟದ ಮೈದಾನ, ಹಾಕಿ ಮೈದಾನ ಯಾವುದಾದರೂ ಸರಿ. ಕುಶಾಲನಗರದವರು ಅದೃಷ್ಟವಂತರು, ಕಾವೇರಿ ಪಕ್ಕದ ಸಮತಟ್ಟು ರಸ್ತೆಗಳಿವೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಗದ್ದೆ ಬದಿಯ ದಾರಿಗಳೂ ಚೆನ್ನ.

ತೋಟದಲ್ಲಿ ಮನೆ ಇರುವವರು ಒಂದು ಜಾಗ ಮರೆಯುತ್ತಾರೆ, ಕಾಫಿ ಕಣ. ಇಡೀ ತೋಟದಲ್ಲಿ ಪೂರ್ತಿ ಮಟ್ಟಸವಾಗಿರುವುದು ಅದೊಂದೇ. ಕಾಫಿ ಒಣಗಿಸಿ ಮುಗಿದ ಮೇಲೆ, ಏಪ್ರಿಲ್-ಮೇನಲ್ಲಿ ಖಾಲಿ ಬಿದ್ದಿರುತ್ತದೆ. ಸುತ್ತು ಹಾಕಿ. ಮಳೆ ಹಿಡಿದ ಮೇಲೆ ಮಾತ್ರ ಬೇಡ, ಪಾಚಿ ಕಟ್ಟಿ ಜಾರುತ್ತದೆ.

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯವರಿಗೆ ಒಂದು ಮಾತು. ಬೆಳಕು ಹರಿಯುವ ಮುಂಚೆ ತೋಟದ ದಾರಿಯಲ್ಲಿ ಒಬ್ಬರೇ ನಡೆಯಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಆನೆ ಎದುರಿಗೆ ಬಂದು ನಿಂತಿದ್ದೂ ಮಂಜಿನಲ್ಲಿ ಗೊತ್ತಾಗುವುದಿಲ್ಲ.

ತೋಟದ ಕೆಲಸ ಮಾಡಿದ ದಿನವನ್ನು ರೆಸ್ಟ್ ಅಂತ ಲೆಕ್ಕ ಹಾಕಬಹುದಾ?

ಕೆಲಸ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ನನ್ನನ್ನು ಕೇಳಿದರೆ ಕೊಡಗಿನ ಹೊಸ ಓಟಗಾರರು ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ ಪ್ರಶ್ನೆ ಇದು.

ನೆರಳಲ್ಲಿ ನಿಂತು ಚಿಗುರು ತೆಗೆಯುವುದು, ನರ್ಸರಿಗೆ ನೀರು ಹಾಕುವುದು, ಕಣದಲ್ಲಿ ಕಾಫಿ ತಿರುವುವುದು, ಇವೆಲ್ಲ ಹಗುರ. ರೆಸ್ಟ್ ದಿನಕ್ಕೆ ಸೇರಿಸಿಕೊಳ್ಳಿ. ಇಳಿಜಾರಿನಲ್ಲಿ ಇಡೀ ದಿನ ಹಣ್ಣು ಕೊಯ್ದರೆ ಲೆಕ್ಕ ಬೇರೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸಂಜೆ ಚೀಲ ಹೊತ್ತು ತೂಕದ ಜಾಗಕ್ಕೆ ತರಬೇಕು. ಅಂಥ ದಿನ ಕಾಲಿಗೆ, ಸೊಂಟಕ್ಕೆ ಬೀಳುವ ಭಾರ ಒಂದು ಓಟಕ್ಕಿಂತ ಕಡಿಮೆ ಇಲ್ಲ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಗುಂಡಿ ತೆಗೆಯುವುದು, ಗೊಬ್ಬರದ ಮೂಟೆ ಹೊರುವುದು ಕೂಡ ಹಾಗೇ.

ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬರುತ್ತದೆ. ಈ ನಾಲ್ಕು ತಿಂಗಳು ತೋಟದಲ್ಲಿ ನೀವೇ ಕೈ ಹಾಕಿ ದುಡಿಯುವವರಾದರೆ ವಾರಕ್ಕೆ ಎರಡೇ ಓಟ ಇಟ್ಟುಕೊಳ್ಳಿ. ಚೀಲ ಹೊತ್ತ ಮರುದಿನ ಓಡಬೇಡಿ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದು: ನಿಮ್ಮ ಕಾಲಿಗೆ ಓಟ ಯಾವುದು, ಕೊಯ್ಲು ಯಾವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಭಾರ ಒಂದೇ.

ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಯ, ಅಕ್ಕಂದಿರನ್ನು ನೋಡಿ ನಾನು ಕಲಿತದ್ದೂ ಇದೆ. ಅವರು ವರ್ಷವೆಲ್ಲ ಗುಡ್ಡ ಹತ್ತಿ ಇಳಿಯುತ್ತಾರೆ. ಕಾಲು ಗಟ್ಟಿ. ಆದರೂ ಊಟದ ಹೊತ್ತಿಗೆ ಚಪ್ಪಲಿ ಕಳಚಿ, ಕಾಲು ಚಾಚಿ, ಮರಕ್ಕೆ ಒರಗಿ ಅರ್ಧ ಗಂಟೆ ಕೂರುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ರೆಸ್ಟ್ ದಿನ ಭಾನುವಾರ ಬಂದಿದೆ. ಸ್ನೇಹಿತರು ತಡಿಯಂಡಮೋಳ್ ಹತ್ತೋಣ ಅಂತಿದ್ದಾರೆ.

ಹೋಗಿ ಬನ್ನಿ, ಆದರೆ ಅದನ್ನು ರೆಸ್ಟ್ ಅನ್ನಬೇಡಿ. 1,748 ಮೀಟರ್, ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ. ಮುಂದಿನ ಎರಡು ದಿನ ಓಟ ಬಿಡಿ.

ಹಾಕಿ ಆಡಬಹುದಾ?

ಹಾಕಿಯಲ್ಲಿ ಓಟವೂ ಇದೆ, ಗಕ್ಕನೆ ನಿಲ್ಲುವುದೂ ಇದೆ, ಬಗ್ಗಿ ತಿರುಗುವುದೂ ಇದೆ. ಸುಮ್ಮನೆ ಓಡುವುದಕ್ಕಿಂತ ಮೊಣಕಾಲಿಗೆ ಜಾಸ್ತಿ ಕೆಲಸ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ, ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಸ್ಟಿಕ್ ಹೊರಗೆ ಬರುತ್ತದೆ. ಊರಿಗೆ ಬಂದ ದೊಡ್ಡಪ್ಪ, ಚಿಕ್ಕಪ್ಪಂದಿರೂ ಇಳಿಯುತ್ತಾರೆ. ಬಿಡಿ ಅಂತ ನಾನು ಹೇಳಲಾರೆ. ಹಬ್ಬದ ವಾರದಲ್ಲಿ ಪಂದ್ಯವನ್ನೇ ಓಟ ಅಂತ ಲೆಕ್ಕ ಹಾಕಿ. ಉಳಿದ ದಿನ ವಿಶ್ರಾಂತಿ.

ರೆಸ್ಟ್ ದಿನ ಯಾವ ವ್ಯಾಯಾಮ ಮಾಡಿದರೆ ಓಟಕ್ಕೆ ಸಹಾಯ?

ವಾರಕ್ಕೆ ಎರಡು ದಿನ, 15 ನಿಮಿಷ. ಜಿಮ್ ಬೇಡ. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಬೆರಳಿನ ಬುಡ ಊರಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. 12 ಸಲ, ಎರಡು ಸುತ್ತು. ಇದು ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ದಪ್ಪ ಟೆಂಡನ್‌ಗೂ. ಏರು ಓಡುವ ನಮಗೆ ಇದು ಬಹಳ ಮುಖ್ಯ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 10 ಸಲ. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಎತ್ತುವುದು, 10 ಸಲ. ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು. ಒಂಟಿ ಕಾಲಿನದ್ದು ಹಲ್ಲು ಉಜ್ಜುವಾಗಲೂ ಆಗುತ್ತದೆ. ಕಲ್ಲು, ಬೇರು ಇರುವ ದಾರಿಯಲ್ಲಿ ಕಾಲು ಉಳುಕದಂತೆ ಕಾಯುವುದು ಇದೇ.

ಕಾಲು ನೋಯುತ್ತಿದ್ದರೆ ಅಂದು ಇದನ್ನೂ ಬಿಡಿ.

ಸ್ಟ್ರೆಚಿಂಗ್ ಮಾಡಿದರೆ ನೋವು ಹೋಗುತ್ತಾ?

ಮಾಡಿದ ಹೊತ್ತಿಗೆ ಹಾಯ್ ಅನ್ನಿಸುತ್ತದೆ. ಮೈಕೈ ನೋವು ಅದರಿಂದ ಬೇಗ ಹೋಗುವುದೇನೂ ಇಲ್ಲ. ಇಷ್ಟ ಇದ್ದರೆ ಮೆಲ್ಲಗೆ ಮಾಡಿ, ಜಗ್ಗಬೇಡಿ.

ಓಡಿದ ದಿನ ಚೆನ್ನಾಗೇ ಇದ್ದೆ. ಎರಡನೇ ದಿನ ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ. ಯಾಕೆ?

ಇಳಿಜಾರು ಓಡಿದ್ದೀರಾ? ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಹೌದು ಅನ್ನುತ್ತಾರೆ. ಇಳಿಯುವಾಗ ದಮ್ಮು ಕಟ್ಟುವುದಿಲ್ಲ, ಹೀಗಾಗಿ ಸುಲಭ ಅನ್ನಿಸುತ್ತದೆ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯಬೇಕು. ಉದ್ದವಾಗುತ್ತಲೇ ಬಿಗಿ ಹಿಡಿಯುವ ಈ ಕೆಲಸದಲ್ಲಿ ಎಳೆಗಳಿಗೆ ಪೆಟ್ಟು ಜಾಸ್ತಿ. ನೋವು ಮರುದಿನ ಶುರುವಾಗಿ ಒಂದರಿಂದ ಮೂರು ದಿನದೊಳಗೆ ಏರಿ, ಆಮೇಲೆ ಇಳಿಯುತ್ತದೆ.

ಒಂದು ಸಮಾಧಾನ ಇದೆ. ಅದೇ ಇಳಿಜಾರನ್ನು ಒಂದೆರಡು ವಾರದ ನಂತರ ಓಡಿದರೆ ನೋವು ಎಷ್ಟೋ ಕಡಿಮೆ. ಸ್ನಾಯು ಒಂದೇ ಸಲಕ್ಕೆ ಪಾಠ ಕಲಿಯುತ್ತದೆ. ಅಲ್ಲಿಯ ತನಕ ಏರು ಓಡಿ, ಇಳಿಜಾರು ನಡೆದು ಬನ್ನಿ. ಮೆಟ್ಟಿಲು ಇಳಿಯಲು ಆಗದಷ್ಟು ನೋವಿದ್ದರೆ ಎರಡನೇ ದಿನವೂ ರೆಸ್ಟ್, ಬೇಕಾದರೆ ಮೂರನೇ ದಿನವೂ.

ಯಾವ ನೋವಿಗೆ ಹೆದರಬೇಕು?

ಎರಡೂ ಕಾಲಲ್ಲಿ, ಅಗಲವಾಗಿ ಹರಡಿದ, ನಡೆದಾಡಿದರೆ ಸಡಿಲವಾಗುವ ನೋವು ಮಾಮೂಲಿ. ಒಂದೇ ಕಾಲಲ್ಲಿ, ಒಂದೇ ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದಾದ ನೋವು ಬೇರೆ. ಅದು ಮೂಳೆಯ ಮೇಲಿದ್ದರೆ, ಹೆಜ್ಜೆ ಹಾಕಿದಷ್ಟೂ ಜಾಸ್ತಿಯಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಊದಿಕೊಂಡಿದ್ದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಮೂಳೆಯ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ಓಡಲು ಹೋಗಬೇಡಿ, ನೋವು ಉಳಿದಿದ್ದರೆ ಮತ್ತೆ ತೋರಿಸಿ.

ಎದೆ ನೋವು, ತಲೆ ಸುತ್ತು, ಎದೆ ಡವಡವ ತಪ್ಪಿ ಹೊಡೆದುಕೊಳ್ಳುವುದು ಆದರೆ ಮನೆಮದ್ದು ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ.

ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳಬಹುದಾ? ಐಸ್ ಇಡಬೇಕಾ? ಮಾತ್ರೆ?

ಮೈಕೈ ನೋವಿಗೆ ಎಣ್ಣೆ ಸವರಿ ಹಂಡೆ ನೀರಿನ ಸ್ನಾನ ಮಾಡಿದರೆ ಆಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಖಂಡಿತ ಮಾಡಿ. ಕಾಲು ಉಳುಕಿ ಊದಿಕೊಂಡಿದ್ದರೆ ಮಾತ್ರ ಮೊದಲ ಎರಡು ದಿನ ಬಿಸಿ ಬೇಡ, ತಿಕ್ಕುವುದೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ.

ನೋವಿನ ಮಾತ್ರೆ ನುಂಗಿ ಓಡಲು ಹೋಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೋವು ಮುಚ್ಚಿಹೋಗುತ್ತದೆ, ಗಾಯ ಬೆಳೆಯುತ್ತದೆ.

ಓಡದ ದಿನ ಊಟ ಕಡಿಮೆ ಮಾಡಬೇಕಾ? ರೆಸ್ಟ್ ದಿನ ತೂಕ ಜಾಸ್ತಿ ತೋರಿಸ್ತಿದೆ.

ಕಡಿಮೆ ಮಾಡಬೇಡಿ. ರಿಪೇರಿ ಕೆಲಸಕ್ಕೆ ಸಾಮಾನು ಬೇಕಲ್ಲ. ಕಡಂಬುಟ್ಟು (ಅಕ್ಕಿ ಕಡುಬು), ಅಕ್ಕಿ ರೊಟ್ಟಿ, ನೂಪುಟ್ಟು (ಅಕ್ಕಿ ಶ್ಯಾವಿಗೆ) ನಮ್ಮ ಮನೆಯಲ್ಲಿ ಹೇಗೂ ಇರುತ್ತದೆ. ಕಾಲಿನ ಸಕ್ಕರೆ ತುಂಬಲು ಅಕ್ಕಿ ಸಾಕು. ಕೊರತೆ ಆಗುವುದು ಪ್ರೋಟೀನ್. ಬೆಳಿಗ್ಗೆ ರೊಟ್ಟಿ-ಚಟ್ನಿ ತಿಂದು ಮುಗಿಸುವವರು ಜೊತೆಗೆ ಎರಡು ಮೊಟ್ಟೆ ಸೇರಿಸಿ, ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮೊಟ್ಟೆ ತಿನ್ನದವರಿಗೆ ಕಡಲೆ, ಹುರುಳಿ, ಹೆಸರುಕಾಳು, ಮೊಸರು. ಮಾಂಸ ಉಣ್ಣುವ ಮನೆಯಲ್ಲಿ ಭಾನುವಾರ ಒಂದೇ ದಿನ ಹೊಟ್ಟೆ ಬಿರಿಯೆ ತಿನ್ನುವ ಬದಲು ವಾರದಲ್ಲಿ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ.

ತೂಕದ ವಿಷಯ. ದೇಹ ಒಂದು ಗ್ರಾಂ ಗ್ಲೈಕೋಜನ್ ಕೂಡಿಡುವಾಗ ಸುಮಾರು ಮೂರು ಗ್ರಾಂ ನೀರನ್ನೂ ಜೊತೆಗೆ ಹಿಡಿದಿಡುತ್ತದೆ. ರೆಸ್ಟ್ ದಿನ ಏರಿದ ಅರ್ಧ ಕಿಲೋ ಕೊಬ್ಬಲ್ಲ, ಹೆಚ್ಚಿನ ಪಾಲು ನೀರು.

ಕಾಫಿ?

ಕುಡಿಯಿರಿ. ಬೆಲ್ಲದ ಕಾಫಿ ಬಿಡಿ ಅಂತ ಕೊಡಗಿನಲ್ಲಿ ಕೂತು ನಾನು ಬರೆಯುವುದಿಲ್ಲ. ಎರಡು ಮಾತು ನೆನಪಿರಲಿ. ಊಟದ ಜೊತೆಗೆ ಅಥವಾ ಊಟವಾದ ತಕ್ಷಣ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆ ಅಂತರ ಇರಲಿ. ಹೆಂಗಸರಿಗೆ ಈ ಮಾತು ಬಹಳ ಮುಖ್ಯ, ನಮ್ಮಲ್ಲಿ ರಕ್ತ ಕಡಿಮೆ ಇರುವವರು ತುಂಬಾ ಜನ. ಊಟದ ಜೊತೆ ನಿಂಬೆ ಹಿಂಡಿಕೊಂಡರೆ, ಒಂದು ಕಿತ್ತಳೆ ತಿಂದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಸಂಜೆ ನಾಲ್ಕರ ಮೇಲಿನ ಕಾಫಿ ಕೆಲವರ ನಿದ್ದೆ ಕದಿಯುತ್ತದೆ. ನೀವು ಅಂಥವರಾ ಅಂತ ನೋಡಿಕೊಳ್ಳಿ.

ಮದುವೆ ಸೀಸನ್. ನಾಳೆ ಹೇಗೂ ರೆಸ್ಟ್, ಇವತ್ತು ರಾತ್ರಿ ಸ್ವಲ್ಪ ಕುಡಿದರೆ?

ಮದ್ಯ ನಿದ್ದೆ ಬರಿಸುತ್ತದೆ, ಆದರೆ ನಿದ್ದೆಯನ್ನು ಕೆಡಿಸುತ್ತದೆ. ನಡುರಾತ್ರಿ ಎಚ್ಚರ, ಬಾಯಾರಿಕೆ. ಸ್ನಾಯುವಿನ ರಿಪೇರಿಯೂ ನಿಧಾನ. ಮನೆಯಲ್ಲಿ ಮಾಡಿದ ವೈನ್ ಆದರೂ ಅಷ್ಟೇ. ಕುಡಿದ ಮರುದಿನವನ್ನು ಅರ್ಧ ರೆಸ್ಟ್ ಅಂತ ಲೆಕ್ಕ ಹಾಕಿ.

ಹಾಗಾದರೆ ರೆಸ್ಟ್ ದಿನ ಎಲ್ಲಕ್ಕಿಂತ ಮುಖ್ಯ ಏನು?

ನಿದ್ದೆ. ಏಳು ಗಂಟೆಗೆ ಕಡಿಮೆ ಬೇಡ. ಐದಕ್ಕೆ ಏಳುವವರು ಹತ್ತರೊಳಗೆ ಮಲಗಲೇಬೇಕು. ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಲ್ಲೇ, ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಎರಡು ವಾರದಲ್ಲಿ ನಿಮ್ಮ ಮಾಮೂಲಿ ಎಷ್ಟು ಅಂತ ಗೊತ್ತಾಗುತ್ತದೆ. ಒಂದು ದಿನ ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಮೈ ಇನ್ನೂ ದಣಿದಿದೆ, ಅಥವಾ ಜ್ವರ ಬರುವ ಸೂಚನೆ. ಇನ್ನೊಂದು ದಿನ ಬಿಡುವು ಕೊಡಿ.

ಓಡಿದ ಮರುದಿನ ಮೂತ್ರ ಕೆಂಪಗೆ ಹೋಯಿತು. ಗಾಬರಿ ಆಗಿದೆ.

ಅದು ಆಗಸ್ಟ್ 3ರ ಆಸುಪಾಸು ಆಗಿದ್ದರೆ, ಮದ್ದು ಸೊಪ್ಪಿನ ಪಾಯಸ ತಿಂದಿದ್ದರೆ, ಕಾರಣ ಅದೇ. ಅಂದು ಆಟಿ ತಿಂಗಳ ಹದಿನೆಂಟನೇ ದಿನ, ಕೊಡಗಿನ ಮನೆಗಳಲ್ಲಿ ಈ ಔಷಧಿ ಸೊಪ್ಪಿನ ಅಡುಗೆ ಮಾಡುವ ದಿನ. ಆ ಸೊಪ್ಪು ತಿಂದವರಿಗೆಲ್ಲ ಮೂತ್ರ ಕೆಂಪಾಗುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಹೊಸಬರು ಹೆದರುವುದು ನಾನೇ ನೋಡಿದ್ದೇನೆ.

ಸೊಪ್ಪು ತಿನ್ನದೇ ಮೂತ್ರ ಕೆಂಪಾಗಿ, ಇಲ್ಲವೇ ಕಡು ಕಾಫಿ ಬಣ್ಣದಲ್ಲಿ ಹೋದರೆ ಆ ದಿನವೇ ಡಾಕ್ಟರಿಗೆ ತೋರಿಸಿ. ಅಭ್ಯಾಸವಿಲ್ಲದೆ ವಿಪರೀತ ಓಡಿದಾಗ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುವುದುಂಟು. ಜೊತೆಗೆ ತೊಡೆ ಊದಿ ಕಲ್ಲಿನಂತಾಗಿದ್ದರೆ ಒಂದು ಗಂಟೆಯೂ ತಡ ಮಾಡಬೇಡಿ.

ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ಕಾಲಿಡೋಕೆ ಆಗಲ್ಲ. ಮಾಡಿದ್ದೆಲ್ಲ ಹೋಯಿತಾ?

ಇಲ್ಲ. ಒಂದು ವಾರ ಬಿಟ್ಟರೆ ಏನೂ ಹೋಗುವುದಿಲ್ಲ. ಎಷ್ಟೋ ಸಲ ಒಳ್ಳೆಯದೇ ಆಗುತ್ತದೆ, ಹಳೆಯ ಸಣ್ಣ ನೋವುಗಳು ಮಾಯುತ್ತವೆ. ಎರಡು ವಾರ ದಾಟಿದರೆ ದಮ್ಮು ಸ್ವಲ್ಪ ಇಳಿಯುತ್ತದೆ. ಅದೂ ಮತ್ತೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ವಾರದ ದಿನಗಳನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹೊಳವಾದ ದಿನ ಓಡುತ್ತೇನೆ, ಸುರಿಯುವ ದಿನ ರೆಸ್ಟ್. ಒಂದೇ ನಿಯಮ: ಎರಡು ದಿನ ಸತತ ಹೊಳವಾದರೂ ಎರಡೂ ದಿನ ಓಡುವುದಿಲ್ಲ. ಆಸೆ ತಡೆಯುವುದು ಕಷ್ಟ, ಗೊತ್ತು. ಮಳೆ ದಿನಗಳಲ್ಲಿ ಮೇಲೆ ಹೇಳಿದ ಮೆಟ್ಟಿಲಿನ ವ್ಯಾಯಾಮ ಬಿಡಬೇಡಿ. ಕಾಲಿನ ಬಲ ಅದರಲ್ಲೇ ಉಳಿಯುತ್ತದೆ. ಒಂದು ವಾರ ತಪ್ಪಿದ್ದರೆ ಬಿಟ್ಟ ವಾರವನ್ನೇ ಮತ್ತೆ ಮಾಡಿ. ಎರಡು ಮೂರು ವಾರ ತಪ್ಪಿದ್ದರೆ ಎರಡು ವಾರ ಹಿಂದಕ್ಕೆ ಹೋಗಿ ಶುರು ಮಾಡಿ. ಸಾಲ ತೀರಿಸುವ ಹಾಗೆ ತಪ್ಪಿದ ಓಟವನ್ನೆಲ್ಲ ಒಂದೇ ವಾರದಲ್ಲಿ ತುಂಬಲು ಹೋಗಬೇಡಿ.

ಮಗ ಸೇನಾ ಭರ್ತಿಗೆ ತಯಾರಾಗ್ತಿದ್ದಾನೆ. 1.6 ಕಿಲೋಮೀಟರ್ ಓಟ ಇದೆ. ಅವನಿಗೂ ರೆಸ್ಟ್ ಬೇಕಾ?

ಅವನಿಗೇ ಜಾಸ್ತಿ ಬೇಕು. ಕೊಡಗಿನ ಮನೆಗಳಲ್ಲಿ ಸೇನೆ ಅಂದರೆ ಎಷ್ಟು ದೊಡ್ಡ ಕನಸು ಅಂತ ನನಗೂ ಗೊತ್ತು. ಹುಡುಗರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದಿನಾ ಸ್ಟಾಪ್‌ವಾಚ್ ಹಿಡಿದು ಓಡುತ್ತಾರೆ. ಭರ್ತಿಯ ದಿನಕ್ಕೆ ಕಾಲು ನೋವು. ಇದನ್ನು ನೋಡಿದಾಗ ಹೊಟ್ಟೆಗೆ ಸಂಕಟ ಆಗುತ್ತದೆ.

ಅಮೆರಿಕದ ಒರೆಗಾನ್‌ನಲ್ಲಿ ದೊಡ್ಡ ದೊಡ್ಡ ಓಟಗಾರರನ್ನು ಬೆಳೆಸಿದ ಕೋಚ್ ಬಿಲ್ ಬೋವರ್‌ಮನ್ ಒಂದು ದಿನ ಕಷ್ಟದ ಓಟ, ಮರುದಿನ ಹಗುರ ಅನ್ನುವ ಕ್ರಮಕ್ಕೆ ಹೆಸರಾದವರು. ಅಂಥ ಓಟಗಾರರಿಗೇ ಅದು ಬೇಕಿತ್ತು. ಮಗನಿಗೆ ವಾರದಲ್ಲಿ ಎರಡು ದಿನ ಜೋರು ಓಟ, ಎರಡು ದಿನ ಮಾತಾಡುತ್ತಾ ಓಡುವಷ್ಟು ಹಗುರ ಓಟ, ಉಳಿದ ಮೂರು ದಿನ ಬಿಡುವು ಸಾಕು. ಅವನು ಹೊಸಬನಾದರೆ ಮೊದಲ ಎರಡು ತಿಂಗಳು ಮೂರೇ ದಿನ. ಭರ್ತಿಗೆ ಮುಂಚಿನ ವಾರ ಓಟ ಅರ್ಧಕ್ಕೆ ಇಳಿಸಿ. ಹಿಂದಿನ ದಿನ ಪೂರ್ತಿ ರೆಸ್ಟ್.

ನನಗೆ 58. ಬಿಪಿ ಇದೆ. ಒಂದು ದಿನ ಬಿಟ್ಟು ಒಂದು ದಿನ ಓಡಬಹುದಾ?

ಅಂಕಲ್, ಮೊದಲು ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ಒಪ್ಪಿದರೆ ಎರಡು ದಿನ ಬಿಟ್ಟು ಒಂದು ದಿನ ಅಂತ ಇಟ್ಟುಕೊಳ್ಳಿ, ನಡುವೆ ನಡಿಗೆ. ವಯಸ್ಸಾದಂತೆ ರಿಪೇರಿ ತಡವಾಗುತ್ತದೆ, ಆದರೆ ಆಗುತ್ತದೆ. ನಮ್ಮ ಜೊತೆ 60 ದಾಟಿದವರು ಇದ್ದಾರೆ. ಅವರಷ್ಟು ಚೆನ್ನಾಗಿ ಬಿಡುವಿನ ದಿನ ಪಾಲಿಸುವವರು ಬೇರೆ ಯಾರೂ ಇಲ್ಲ.

ಮುಟ್ಟಿನ ದಿನಗಳಲ್ಲಿ ರೆಸ್ಟ್ ತಗೊಳ್ಳಬೇಕಾ?

ಹಾಗೇನೂ ನಿಯಮ ಇಲ್ಲ. ಓಡಿದರೆ ಹೊಟ್ಟೆ ನೋವು ಕಡಿಮೆ ಅನ್ನುವವರಿದ್ದಾರೆ. ಮೊದಲ ದಿನ ಏಳಲೂ ಆಗದವರಿದ್ದಾರೆ. ನಿಮ್ಮ ಮೈ ಹೇಳಿದಂತೆ ಕೇಳಿ, ರೆಸ್ಟ್ ದಿನವನ್ನು ಆ ಕಡೆಗೆ ಸರಿಸಿಕೊಳ್ಳಿ. ಓಟ ಜಾಸ್ತಿ ಮಾಡಿದ ಮೇಲೆ ಮುಟ್ಟು ನಿಂತುಹೋದರೆ ಮಾತ್ರ ಸುಮ್ನೆ ಬಿಡಬೇಡಿ. ಊಟ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು, ಮೂಳೆಗೂ ಅಪಾಯ. ಡಾಕ್ಟರಿಗೆ ತೋರಿಸಿ.

ರೆಸ್ಟ್ ದಿನವೂ ಐದಕ್ಕೇ ಎಚ್ಚರ ಆಗುತ್ತೆ. ಕೈಕಾಲು ಸುಮ್ನೆ ಇರಲ್ಲ. ಏನು ಮಾಡಲಿ?

ಶೂ ನೋಡಿಕೊಳ್ಳಿ. ನಾನು ಅದನ್ನೇ ಮಾಡುವುದು. ಲೇಸ್ ಬಿಚ್ಚಿ, ಒಳಗಿನ ಪದರ ಹೊರಗೆ ತೆಗೆದು, ಮಣ್ಣು ಉದುರಿಸಿ. ಮಳೆಗಾಲವಾದರೆ ಒಳಗೆಲ್ಲ ಹಳೆಯ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸುತ್ತಿರಿ. ಒಲೆಯ ಪಕ್ಕ ಬೆಚ್ಚಗಿನ ಗೋಡೆಗೆ ಒರಗಿಸಿಟ್ಟರೆ ಮರುದಿನಕ್ಕೆ ಒಣಗುತ್ತದೆ. ಒಲೆಯ ಮೇಲೆಯೇ ತೂಗುಹಾಕಬೇಡಿ, ಅಂಟು ಬಿಟ್ಟುಹೋಗುತ್ತದೆ. ತಳ ತಿರುಗಿಸಿ ಯಾವ ಬದಿ ಸವೆದಿದೆ ನೋಡಿ. ಹಿಮ್ಮಡಿಯ ಒಂದೇ ಪಕ್ಕ ತೀರಾ ಸವೆದಿದ್ದರೆ ಹೊಸದು ತೆಗೆದುಕೊಳ್ಳುವ ಹೊತ್ತು ಬಂತು. ಅಷ್ಟರಲ್ಲಿ ಕಾಫಿ ಕುದಿದಿರುತ್ತದೆ. ಜಗಲಿಯಲ್ಲಿ ಕೂತು ಕುಡಿಯಿರಿ, ಮಂಜು ಏಳುವ ತನಕ.